ಚದುರಂಗ ಕಟ್ಟೆ: ಎರಡು ಪ್ಯಾದೆ ಕೊಟ್ಟು ಒಂದು ಮಂತ್ರಿ ಪಡೆಯುವ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಟದ ಕೊನೆಯ ಬಗ್ಗೆ. ಆನೆ, ಕುದುರೆ, ಒಂಟೆ, ಮಂತ್ರಿ ಎಲ್ಲ ಹೋಗಿ ಎರಡೂ ಕಡೆ ರಾಜ ಮತ್ತು ಪ್ಯಾದೆ ಮಾತ್ರ ಉಳಿದ ಆಟ. ನಡೆಗಳನ್ನು ಹೀಗೆ ಬರೆದಿದ್ದೇವೆ: ಬಿಳಿ ಆಡುವವರ ಎಡಗೈಯಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಸಾಲುಗಳು, ಬಿಳಿಯ ಕಡೆಯಿಂದ 1ರಿಂದ 8 ಅಡ್ಡಸಾಲುಗಳು. ರಾ ಎಂದರೆ ರಾಜ, ಮಂ ಎಂದರೆ ಮಂತ್ರಿ, × ಎಂದರೆ ಹೊಡೆತ, + ಎಂದರೆ ಚೆಕ್, ! ಎಂದರೆ ಒಳ್ಳೆಯ ನಡೆ, =ಮಂ ಎಂದರೆ ಕೊನೆ ಮುಟ್ಟಿದ ಪ್ಯಾದೆಗೆ ಮಂತ್ರಿ ಪಟ್ಟ. ಅಂಕಿಯ ಮುಂದೆ … ಇದ್ದರೆ ಅದು ಕಪ್ಪಿನ ನಡೆ. ಬರೀ ಮನೆಯ ಹೆಸರಿದ್ದರೆ ಅದು ಪ್ಯಾದೆಯ ನಡೆ. ಬೋರ್ಡ್ ಮುಂದಿಟ್ಟುಕೊಂಡೇ ಓದಿ, ಸುಮ್ಮನೆ ಕಣ್ಣಾಡಿಸಿದರೆ ಇದು ಕೈಗೆ ಹತ್ತುವುದಿಲ್ಲ.

ಪ್ರಶ್ನೆ: ನಮಸ್ಕಾರ್ರಿ. ನನ್ನದು ಕಪ್ಪು. ರಾಜ ಜಿ5ರಾಗ, ಪ್ಯಾದೆ ಎ7, ಬಿ7, ಸಿ7, ಎಚ್5. ಎದುರಿನವರ ರಾಜ ಜಿ2ರಾಗ, ಪ್ಯಾದೆ ಎ5, ಬಿ5, ಸಿ5. ನಂದ ಒಂದು ಪ್ಯಾದೆ ಹೆಚ್ಚು, ನಡೆನೂ ನಂದ. ರಾಜನ್ನ ಜಿ4ಕ್ಕ ತಂದೆ. ಅಲ್ಲಿಂದ ಐದು ನಡಿಯೊಳಗ ಅವರು ಮಂತ್ರಿ ಮಾಡ್ಕೊಂಡ್ರು. ಎಲ್ಲಿ ತಪ್ಪೀತ್ರಿ? – ಓದುಗರು, ಸಿಂದಗಿ

ಉತ್ತರ: ತಪ್ಪಿದ್ದು ಆ ಒಂದೇ ನಡೆಯಲ್ಲಿ. ಅದರ ಬದಲು ಬಿ ಪ್ಯಾದೆಯನ್ನು ಒಂದು ಮನೆ ದೂಡಿದ್ದರೆ ಆಟ ನಿಮ್ಮದೇ ಆಗಿತ್ತು. ಮೊದಲು, ಆಗಿದ್ದೇನು ನೋಡೋಣ.

1…ರಾ ಜಿ4 ಆದ ಮೇಲೆ ಬಿಳಿ 2.ಬಿ6! ಎಂದು ನಡುವಿನ ಪ್ಯಾದೆಯನ್ನು ನಿಮ್ಮ ಎರಡು ಪ್ಯಾದೆಗಳ ಬಾಯಿಗೇ ಕೊಡುತ್ತದೆ. ಹೊಡೆಯದೆ ಬಿಡುವಂತಿಲ್ಲ. ಬಿಟ್ಟರೆ ಅದು ಎ7 ಅಥವಾ ಸಿ7ನ್ನು ಹೊಡೆದು ನೇರ ಓಡುತ್ತದೆ. ಎ ಪ್ಯಾದೆಯಿಂದ ಹೊಡೆದರೆ, 2…ಎ×ಬಿ6 3.ಸಿ6! ಎಂದು ಎರಡನೆಯ ಬಲಿ, 3…ಬಿ×ಸಿ6 4.ಎ6. ಈಗ ಎ ಸಾಲು ನೋಡಿ, ಪೂರಾ ಖಾಲಿ. ಅದನ್ನು ಕಾಯುತ್ತಿದ್ದ ಎ7 ಬಿ6ಕ್ಕೆ ಹೋಗಿದೆ, ಪಕ್ಕದಿಂದ ಕಾಯುತ್ತಿದ್ದ ಬಿ7 ಸಿ6ಕ್ಕೆ ಹೋಗಿದೆ. ಸಿ ಪ್ಯಾದೆಯಿಂದ ಹೊಡೆದರೆ ಇದರ ಪ್ರತಿಬಿಂಬ: 2…ಸಿ×ಬಿ6 3.ಎ6! ಬಿ×ಎ6 4.ಸಿ6, ಸಿ ಸಾಲು ಖಾಲಿ. ನೀವು ಎರಡು ಹೊಡೆತ ಹೊಡೆದು ಎರಡು ಪ್ಯಾದೆ ಗಳಿಸಿದ್ದೀರಿ, ಆದರೆ ಪ್ರತಿ ಹೊಡೆತವೂ ನಿಮ್ಮ ಒಬ್ಬೊಬ್ಬ ಕಾವಲುಗಾರನನ್ನು ಅವನ ಜಾಗದಿಂದ ಎಳೆದುಹಾಕಿದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದು ಬ್ರೇಕ್‌ಥ್ರೂ. ಹೊಲದ ಭಾಷೆಯಲ್ಲಿ ಹೇಳುವುದಾದರೆ ಒಡ್ಡು ಒಡೆಯುವುದು: ಒಂದು ಕಡೆ ಮಣ್ಣು ಸಡಿಲಾದರೆ ಸಾಕು, ನೀರು ತಾನೇ ದಾರಿ ಮಾಡಿಕೊಳ್ಳುತ್ತದೆ. ತಂತ್ರ ಹೊಸದಲ್ಲ. ಇಟಲಿಯ ಕಾರ್ಲೊ ಕೊಜಿಯೊ 1766ರಲ್ಲೇ ಇದನ್ನು ತೋರಿಸಿಕೊಟ್ಟಿದ್ದ.

ಇನ್ನು ಆಡಬೇಕಾಗಿದ್ದು. ಪ್ಯಾದೆ ನಡೆಗಳಲ್ಲಿ 1…ಬಿ6! ಒಂದೇ. 1…ಎ6 ಅಂದರೆ 2.ಸಿ6! ಬಂದು ಕೆಡಿಸುತ್ತದೆ: 2…ಬಿ×ಸಿ6 3.ಬಿ×ಎ6, ಇಲ್ಲವೇ 2…ಎ×ಬಿ5 3.ಸಿ×ಬಿ7, ಇಲ್ಲವೇ 2…ಬಿ6 3.ಬಿ×ಎ6. ಮೂರರಲ್ಲೂ ಬಿಳಿ ಓಡಿತು. 1…ಸಿ6 ಆಡಿದರೆ 2.ಎ6! ಬಂದು ಅದೇ ಗತಿ.

1…ಬಿ6 ಆಡಿದ ಮೇಲೂ ಎಚ್ಚರ ತಪ್ಪಬಾರದು. ಹೆಚ್ಚಿನವರು ಇಲ್ಲಿಯವರೆಗೆ ಸರಿಯಾಗಿ ಬಂದು ಮುಂದಿನ ನಡೆಯಲ್ಲಿ ಬೀಳುತ್ತಾರೆ. 2.ಎ×ಬಿ6 ಎಂದರೆ ನೀವು 2…ಎ×ಬಿ6 ಎಂದೇ ಹೊಡೆಯಬೇಕು. ಸಿ ಪ್ಯಾದೆಯಿಂದ ಹೊಡೆದರೆ 3.ಸಿ6 ಮುಂದೆ ಸಾಗುತ್ತದೆ, ನಿಮ್ಮ ರಾಜ ಒಂದು ಹೆಜ್ಜೆ ತಡವಾಗಿ ತಲುಪುತ್ತಾನೆ: 3…ರಾ ಎಫ್6 4.ಸಿ7 ರಾ ಇ7 5.ಸಿ8=ಮಂ. ಅದೇ ರೀತಿ 2.ಸಿ×ಬಿ6 ಎಂದರೆ 2…ಸಿ×ಬಿ6. ಎ ಪ್ಯಾದೆಯಿಂದ ಹೊಡೆದರೆ 3.ಎ6. ಬಿಳಿ ಯಾವ ಸಾಲಿನ ಪ್ಯಾದೆಯಿಂದ ಹೊಡೆಯಿತೋ ಅದೇ ಸಾಲಿನ ನಿಮ್ಮ ಪ್ಯಾದೆಗೆ ಕಾಯುವ ಕೆಲಸ ಮುಗಿಯಿತು, ಅದನ್ನೇ ಎತ್ತಿ. ಉಳಿದದ್ದು ತನ್ನ ಎದುರಾಳಿಯ ಮುಂದೆ ನಿಂತೇ ಇರಲಿ.

ಇನ್ನೊಂದು ಬಲೆ: 2.ಸಿ6 ಬಿ×ಎ5 3.ಬಿ6. ಇಲ್ಲಿ ಎ ಪ್ಯಾದೆಯಿಂದಲೇ ಹೊಡೆಯಬೇಕು. 3…ಸಿ×ಬಿ6 ಅಂದರೆ 4.ಸಿ7. 2.ಎ6 ಬಿ×ಸಿ5 3.ಬಿ6 ಬಂದರೆ ತಿರುವುಮುರುವು, ಸಿ ಪ್ಯಾದೆಯಿಂದ ಹೊಡೆಯಿರಿ.

ಎಲ್ಲ ಸರಿಯಾಗಿ ನಡೆದರೆ, ಉದಾಹರಣೆಗೆ 2.ಎ×ಬಿ6 ಎ×ಬಿ6 3.ಸಿ×ಬಿ6 ಸಿ×ಬಿ6, ಬಿ5 ಮತ್ತು ಬಿ6 ಮುಖಾಮುಖಿ ನಿಂತುಬಿಡುತ್ತವೆ. ಈಗ ನಿಮ್ಮ ಎಚ್ ಪ್ಯಾದೆಯ ಬೆಲೆ ಗೊತ್ತಾಗುತ್ತದೆ. ಅದನ್ನು ಮಂತ್ರಿ ಮಾಡುವ ಆಸೆ ಬೇಡ, ಬಿಳಿ ರಾಜನಿಗೆ ಮೇವು ಹಾಕಿದಂತೆ ಬಿಟ್ಟುಬಿಡಿ: 4.ರಾ ಜಿ3 ರಾ ಎಫ್5 5.ರಾ ಎಚ್4 ರಾ ಇ5 6.ರಾ×ಎಚ್5 ರಾ ಡಿ5 7.ರಾ ಜಿ5 ರಾ ಸಿ5 8.ರಾ ಎಫ್4 ರಾ×ಬಿ5 9.ರಾ ಇ3 ರಾ ಸಿ4. ರಾಜ ತನ್ನ ಪ್ಯಾದೆಗಿಂತ ಎರಡು ಅಡ್ಡಸಾಲು ಮುಂದೆ ನಿಂತ ಮೇಲೆ ಬಿ ಪ್ಯಾದೆಯನ್ನು ಯಾರೂ ತಡೆಯಲಾರರು.

ಪ್ರಶ್ನೆ: ಮೂರು ಪ್ಯಾದೆಯ ಒಡೆತ ನನಗೆ ಗೊತ್ತು, ಎ5-ಬಿ5-ಸಿ5 ಎದುರು ಎ7-ಬಿ7-ಸಿ7. ನನ್ನ ಕಪ್ಪು ರಾಜ ಎಫ್7ರಲ್ಲಿದ್ದ. ಗೆಳೆಯ ಬಿ6 ಆಡಿದ, ಎ ಪ್ಯಾದೆಯಿಂದ ಹೊಡೆದು ಸೋತೆ. ಯಾವುದರಿಂದ ಹೊಡೆದರೂ ಸೋಲೇ ಅನ್ನುತ್ತಾನೆ. ಹೌದೇ? – ಓದುಗರು, ಜಮಖಂಡಿ

ಉತ್ತರ: ಅಲ್ಲ. ಸಿ ಪ್ಯಾದೆಯಿಂದ ಹೊಡೆದಿದ್ದರೆ ನೀವೇ ಗೆಲ್ಲುತ್ತಿದ್ದಿರಿ: 1.ಬಿ6 ಸಿ×ಬಿ6! 2.ಎ6 ಬಿ×ಎ6 3.ಸಿ6 ರಾ ಇ7 4.ಸಿ7 ರಾ ಡಿ7. ಪ್ಯಾದೆ ಸಿಕ್ಕಿಬಿತ್ತು. ನಿಮ್ಮ ಬಳಿ ಎ7, ಎ6, ಬಿ6 ಮೂರು. ಆತನ ಬಳಿ ಆ ಕಡೆ ಏನೂ ಇಲ್ಲ.

ಇದಕ್ಕೆ ಚೌಕದ ಲೆಕ್ಕ ಬೇಕು. ಓಡುವ ಪ್ಯಾದೆ ಇರುವ ಮನೆಯಿಂದ ಎಂಟನೇ ಅಡ್ಡಸಾಲಿನವರೆಗೆ ಎಷ್ಟು ಮನೆಯೋ ಅಷ್ಟೇ ಅಗಲದ ಚೌಕ ಎಳೆಯಿರಿ. ಸಿ6ರ ಪ್ಯಾದೆಗೆ ಆ ಚೌಕದ ಮೂಲೆಗಳು ಸಿ6, ಸಿ8, ಇ8, ಇ6. ನಡೆ ನಿಮ್ಮದಾಗಿದ್ದು ನಿಮ್ಮ ರಾಜ ಒಂದೇ ಹೆಜ್ಜೆಗೆ ಅದರೊಳಗೆ ಕಾಲಿಡಬಲ್ಲನಾದರೆ ಹಿಡಿಯುತ್ತಾನೆ. ಎಫ್ ಸಾಲಿನಲ್ಲಿ 5ರಿಂದ 8ರವರೆಗೆ ಎಲ್ಲಿದ್ದರೂ ಇಡಬಲ್ಲ. ಜಿ ಸಾಲಿನಿಂದ ಆಗದು. ಸಿಂದಗಿಯವರ ರಾಜ ಜಿ ಸಾಲಿನಲ್ಲಿದ್ದದ್ದಕ್ಕೇ ಅವರಿಗೆ ಎರಡೂ ಹೊಡೆತ ಸೋಲಾಯಿತು.

ಎ ಪ್ಯಾದೆಯಿಂದ ಹೊಡೆದರೆ ಬಿಳಿ ಓಡುವುದು ಎ ಸಾಲಿನಲ್ಲಿ, ಅದು ನಿಮ್ಮ ರಾಜನಿಗೆ ಇನ್ನೂ ಎರಡು ಸಾಲು ದೂರ. ಆದ್ದರಿಂದ ಹೊಡೆಯುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದರಿಂದ ಹೊಡೆದರೆ ಒಡ್ಡು ಯಾವ ಕಡೆ ಒಡೆಯುತ್ತದೆ, ನನ್ನ ರಾಜ ಆ ಕಡೆ ಇದ್ದಾನೆಯೇ? ರಾಜ ಡಿ7ರಲ್ಲಿದ್ದರಂತೂ ಬಿಳಿಯ ಸಿ6 ಬಲಿಯನ್ನು ಅವನೇ ತಿಂದುಬಿಡುತ್ತಾನೆ, ತಂತ್ರಕ್ಕೆ ಅರ್ಥವೇ ಉಳಿಯದು.

ನಿಮ್ಮ ಗೆಳೆಯರಿಗೆ ಒಂದು ಮಾತು. ಗೆದ್ದ ಆಟದಲ್ಲಿ ತಪ್ಪು ಆಡಿದ್ದು ಅವರು. ನಿಮ್ಮ ರಾಜ ಎಫ್7ರಲ್ಲಿದ್ದಾಗ ಬಿ6 ಆಡಬಾರದಿತ್ತು.

ಪ್ರಶ್ನೆ: ಇದೇ ಆಕಾರ ಒಂದು ಅಡ್ಡಸಾಲು ಹಿಂದಿದ್ದರೆ, ಅಂದರೆ ಬಿಳಿ ಎ4, ಬಿ4, ಸಿ4 ಮತ್ತು ಕಪ್ಪು ಎ6, ಬಿ6, ಸಿ6 ಇದ್ದರೆ, ಬಿ5 ಆಡಬೇಡ ಅಂತ ಕೋಚ್ ಹೇಳುತ್ತಾರೆ. ಕಾರಣ ಮಾತ್ರ ಹೇಳಲಿಲ್ಲ. – ವಿದ್ಯಾರ್ಥಿನಿ, ಟಿಳಕವಾಡಿ, ಬೆಳಗಾವಿ

ಉತ್ತರ: ಕೋಚ್ ಹೇಳಿದ್ದು ಮುಕ್ಕಾಲು ಪಾಲು ಸರಿ. ಕಾರಣ ಬರೀ ಎಣಿಕೆ. ಒಂದು ಸಾಲು ಹಿಂದಿರುವುದರಿಂದ ನಿನ್ನ ಪ್ಯಾದೆಗೆ ಒಂದು ನಡೆ ಹೆಚ್ಚು ಬೇಕು, ಎದುರಾಳಿಗೆ ಒಂದು ನಡೆ ಕಡಿಮೆ ಸಾಕು. ಬಿಳಿ ರಾಜ ಎಚ್2ರಲ್ಲಿ, ಕಪ್ಪು ರಾಜ ಎಚ್7ರಲ್ಲಿ ಇಟ್ಟು ನೋಡು: 1.ಬಿ5 ಎ×ಬಿ5 2.ಸಿ5 ಬಿ×ಸಿ5 3.ಎ5 ಬಿ4 4.ಎ6 ಬಿ3 5.ಎ7 ಬಿ2 6.ಎ8=ಮಂ ಬಿ1=ಮಂ. ಎರಡೂ ಕಡೆ ಮಂತ್ರಿ, ಕಪ್ಪಿಗೆ ಮೇಲೊಂದಿಷ್ಟು ಪ್ಯಾದೆ ಲಾಭ. ಬಲಿ ಕೊಟ್ಟದ್ದು ದಂಡ.

ಈಗ ಕಪ್ಪು ರಾಜನನ್ನು ಎಚ್7ರಿಂದ ಎಚ್8ಕ್ಕೆ ಒಂದೇ ಮನೆ ಸರಿಸು. ಅದೇ ಆರು ನಡೆ, ಆದರೆ ಆರನೆಯದು 6.ಎ8=ಮಂ+. ಎಂಟನೇ ಅಡ್ಡಸಾಲು ಖಾಲಿ, ಹೊಸ ಮಂತ್ರಿ ಹುಟ್ಟುತ್ತಲೇ ಚೆಕ್ ಕೊಡುತ್ತದೆ. ಕಪ್ಪಿಗೆ ಬಿ1 ಆಡಲು ಪುರಸೊತ್ತಿಲ್ಲ. ರಾಜ ಜಿ7ಕ್ಕಾಗಲಿ ಎಚ್7ಕ್ಕಾಗಲಿ ಹೋದರೆ 7.ಮಂ ಬಿ7+, ರಾಜ ಮತ್ತೆ ಓಡಬೇಕು, 8.ಮಂ×ಬಿ2. ಗೆಲುವು. ಕಪ್ಪು ಸಿ ಪ್ಯಾದೆಯಿಂದ ಹೊಡೆದರೂ ಎಣಿಕೆ ಇಷ್ಟೇ: 1…ಸಿ×ಬಿ5 2.ಎ5 ಬಿ×ಎ5 3.ಸಿ5 ಬಿ4 4.ಸಿ6 ಬಿ3 5.ಸಿ7 ಬಿ2 6.ಸಿ8=ಮಂ+ ರಾ ಜಿ7 7.ಮಂ ಬಿ7+.

ಇಷ್ಟಕ್ಕೇ ನಿಲ್ಲಬೇಡ. ರಾಜನನ್ನು ಎಚ್8ರಿಂದ ಜಿ8ಕ್ಕೆ ಇಡು. ಅವನು ಈಗಲೂ ಎಂಟನೇ ಸಾಲಿನಲ್ಲೇ ಇದ್ದಾನೆ, ಚೆಕ್ ಸಿಗಬೇಕಲ್ಲವೇ? ಸಿಗದು. 1…ಸಿ×ಬಿ5! 2.ಎ5 ಬಿ×ಎ5 3.ಸಿ5 ರಾ ಎಫ್7, ಚೌಕದೊಳಗೆ ಬಂದ. 4.ಸಿ6 ರಾ ಇ7 5.ಸಿ7 ರಾ ಡಿ7. ಎಚ್7ರಲ್ಲಿ ಇಬ್ಬರಿಗೂ ಮಂತ್ರಿ, ಎಚ್8ರಲ್ಲಿ ಗೆಲುವು, ಜಿ8ರಲ್ಲಿ ಸೋಲು. ಅಕ್ಕಪಕ್ಕದ ಮೂರು ಮನೆ! ಈ ಮೂರನ್ನೂ ಕೈಯಿಂದ ಆಡಿ ನೋಡದವರಿಗೆ ಬ್ರೇಕ್‌ಥ್ರೂ ಬರುತ್ತದೆ ಎಂದು ನಾವು ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮ ಓಣಿ ಕಟ್ಟಿ ಮ್ಯಾಲ ಹಿರ್ಯಾರು ಆಡೂ ಆಟದಾಗ ಪ್ಯಾದಿ ಮೊದಲ ನಡಿಗೂ ಒಂದ ಮನಿ. ಕೊನಿ ಮುಟ್ಟಿದ್ರ ಆ ಸಾಲಿನ ಕಾಯಿನ ಆಗ್ತದ, ಎ ಸಾಲಿಗೆ ಆನಿ, ಬಿ ಸಾಲಿಗೆ ಕುದುರಿ, ಸಿ ಸಾಲಿಗೆ ಒಂಟಿ. ಅಲ್ಲಿ ಈ ತಂತ್ರ ನಡೀತದೇನ್ರಿ? – ಓದುಗರು, ಇಳಕಲ್

ಉತ್ತರ: ಒಂದೇ ಮನೆಯ ನಿಯಮದಿಂದ ಇಲ್ಲಿ ಏನೂ ಬದಲಾಗದು. ಬಿಳಿಯ ಪ್ಯಾದೆಗಳು ಈಗಾಗಲೇ ಐದನೇ ಸಾಲಿನಲ್ಲಿವೆ, ಕಪ್ಪಿನ ರಕ್ಷಣೆಯ ಬಿ7-ಬಿ6 ಕೂಡ ಒಂದೇ ಮನೆಯ ನಡೆ. ಬದಲಾಗುವುದು ಪಟ್ಟದ ನಿಯಮದಿಂದ. ಕಪ್ಪು ಎ ಪ್ಯಾದೆಯಿಂದ ಹೊಡೆದರೆ ಬಿಳಿ ಎ8ರಲ್ಲಿ ಆನೆ ಪಡೆಯುತ್ತದೆ. ಆನೆ ಮತ್ತು ರಾಜ ಸೇರಿ ಮಾತ್ ಮಾಡಬಲ್ಲವು. ಸಿ ಪ್ಯಾದೆಯಿಂದ ಹೊಡೆದರೆ ಸಿಗುವುದು ಸಿ8ರಲ್ಲೊಂದು ಒಂಟೆ. ಒಂಟಿ ಒಂಟೆಯಿಂದ ಮಾತ್ ಆಗದು, ಮೇಲಾಗಿ ಕಪ್ಪಿನ ಬಳಿ ಮೂರು ಪ್ಯಾದೆ ಉಳಿದಿರುತ್ತವೆ. ಹಾಗಾಗಿ ಕಟ್ಟೆಯ ಮೇಲೆ ಕಪ್ಪು ಆಡುವವರು ರಾಜ ಎಷ್ಟೇ ದೂರವಿದ್ದರೂ ಸಿ ಪ್ಯಾದೆಯಿಂದಲೇ ಹೊಡೆಯಲಿ. ನಿಯಮ ಊರಿಂದ ಊರಿಗೆ ಬೇರೆ. ಮಂತ್ರಿ ಸತ್ತಿದ್ದರೆ ಮಾತ್ರ ಮಂತ್ರಿ, ಇಲ್ಲದಿದ್ದರೆ ಇಲ್ಲ ಎನ್ನುವ ಕಟ್ಟೆಗಳೂ ಉಂಟು. ಆಟಕ್ಕೆ ಕೂರುವ ಮೊದಲೇ ಕೇಳಿಕೊಳ್ಳಿ, ಪ್ಯಾದೆ ಏಳನೇ ಮನೆಗೆ ಬಂದಾಗ ಕೇಳಿದರೆ ಜಗಳವೇ.

ಪ್ರಶ್ನೆ: ನವನಗರದಲ್ಲಿ ಮಕ್ಕಳ ಅಭ್ಯಾಸ ಪಂದ್ಯ. ಬಿಳಿ ಎ5, ಬಿ4, ಸಿ5. ಕಪ್ಪು ಎ6, ಬಿ7, ಸಿ6. ಕಪ್ಪು ಬಿ7-ಬಿ5 ಎಂದು ಎರಡು ಮನೆ ದೂಡಿದ. ಬಿಳಿ ಹುಡುಗ ಅದನ್ನು ಎ ಪ್ಯಾದೆಯಿಂದ ಹೊಡೆದು ಬಿ6ರಲ್ಲಿ ಕೂತ. ಪಕ್ಕದ ಪ್ಯಾದೆಯನ್ನು ಹೀಗೆ ಹೊಡೆಯಬಹುದೇ? – ಪಾಲಕರು, ಬಾಗಲಕೋಟೆ

ಉತ್ತರ: ಹೊಡೆಯಬಹುದು, ಇದೇ ಎನ್ ಪಾಸಾಂ. ಮೂರು ಷರತ್ತು ಕೂಡಬೇಕು: ಹೊಡೆಸಿಕೊಳ್ಳುವ ಪ್ಯಾದೆ ತನ್ನ ಮೂಲ ಮನೆಯಿಂದ ಆಗಷ್ಟೇ ಎರಡು ಮನೆ ಜಿಗಿದಿರಬೇಕು, ಹೊಡೆಯುವ ಬಿಳಿ ಪ್ಯಾದೆ ಐದನೇ ಅಡ್ಡಸಾಲಿನಲ್ಲಿ ಅದರ ಪಕ್ಕದಲ್ಲಿರಬೇಕು, ತಕ್ಷಣದ ನಡೆಯಲ್ಲೇ ಹೊಡೆಯಬೇಕು. ಒಂದು ನಡೆ ತಡೆದರೆ ಹಕ್ಕು ಹೋಯಿತು.

ನಿಯಮಕ್ಕಿಂತ ನಮಗೆ ಕಂಡದ್ದು ಕಪ್ಪಿನ ಅವಸರ. ಬಿ7 ಅಲ್ಲೇ ನಿಂತಿದ್ದರೆ ಈ ಒಡ್ಡು ಒಡೆಯುತ್ತಿರಲಿಲ್ಲ. ಬಿಳಿ ಬಿ5 ಆಡಿದರೂ 1…ಎ×ಬಿ5 2.ಎ6 ಬಿ×ಎ6 ಆಗುತ್ತದೆ, ಸಿ5 ಮುಂದೆ ಸಿ6 ಕೂತೇ ಇದೆ. 1…ಸಿ×ಬಿ5 2.ಸಿ6 ಬಿ×ಸಿ6 ಆದರೆ ಎ5 ಮುಂದೆ ಎ6. ಬಿ7 ಒಂದೇ ಎರಡೂ ಬಾಗಿಲು ಕಾಯುತ್ತಿತ್ತು. ಹುಡುಗ ರಾಜನನ್ನು ಅತ್ತಿತ್ತ ಆಡಿಸುತ್ತ ಇರಬೇಕಿತ್ತು, ಪ್ಯಾದೆ ಮುಟ್ಟಬಾರದಿತ್ತು.

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಒಂದು ಪ್ಯಾದೆ ಹೆಚ್ಚಿದ್ದರೂ ಗೆಲ್ಲಲು ಬರುವುದಿಲ್ಲ. ಬಿಳಿ ಜಿ2, ಎಚ್2. ಕಪ್ಪು ಎಚ್7 ಇದ್ದಾಗ ಅವಳು ಎಚ್4 ಆಡುತ್ತಾಳೆ, ಆಮೇಲೆ ಸಿಕ್ಕಿಕೊಳ್ಳುತ್ತಾಳೆ. ಮನೆಯಲ್ಲಿ ಹೇಗೆ ಕಲಿಸಲಿ? – ತಾಯಿ, ಗೋಕಾಕ

ಉತ್ತರ: ಎದುರಿಗೆ ಯಾರೂ ಇಲ್ಲದ ಪ್ಯಾದೆ ಮೊದಲು ಹೊರಡಬೇಕು. ಇಲ್ಲಿ ಜಿ ಸಾಲು ಖಾಲಿ, ಆದ್ದರಿಂದ ಜಿ4, ಜಿ5, ಅದರ ಹಿಂದೆ ಎಚ್4, ಎಚ್5, ಕೊನೆಗೆ ಜಿ6. ಕಪ್ಪು ಹೊಡೆದರೆ ಎಚ್ ಪ್ಯಾದೆಯಿಂದ ತಿರುಗಿ ಹೊಡೆದು ಜಿ6ರಲ್ಲಿ ದಾರಿ ತೆರೆದ ಪ್ಯಾದೆ ಸಿಗುತ್ತದೆ. ಮಗಳು ಎಚ್4 ಆಡಿದ ಕೂಡಲೇ ಕಪ್ಪು ಎಚ್5 ಆಡುತ್ತದೆ. ಈಗ ಜಿ2 ಹೊರಟು ಜಿ4 ತಲುಪಿದರೆ ಎಚ್×ಜಿ4, ಆ ಕಪ್ಪು ಪ್ಯಾದೆಗೇ ಮೂರು ನಡೆಯಲ್ಲಿ ಪಟ್ಟ. ಅವಳ ಎಚ್4ಕ್ಕೆ ನಾಲ್ಕು ಬೇಕು. ರಾಜ ಬಂದು ನೆರವಾಗುವವರೆಗೆ ಒಂದು ಕಪ್ಪು ಪ್ಯಾದೆ ಎರಡು ಬಿಳಿಯನ್ನು ಕಟ್ಟಿಹಾಕಿದಂತೆ.

ಕಲಿಸಲು ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೊದಲ ಹತ್ತು ನಿಮಿಷ ಪ್ಯಾದೆ ಆಟ: ಬೋರ್ಡ್ ಮೇಲೆ ಎಂಟಕ್ಕೆ ಎಂಟು ಪ್ಯಾದೆ ಮಾತ್ರ, ರಾಜ ಕೂಡ ಬೇಡ, ಮೊದಲು ಕೊನೆ ಮುಟ್ಟಿದವರು ಗೆದ್ದರು. ಉಳಿದ ಹತ್ತು ನಿಮಿಷ ಎ5-ಬಿ5-ಸಿ5 ಎದುರು ಎ7-ಬಿ7-ಸಿ7 ಇಟ್ಟು, ಬಿಳಿ ರಾಜ ಎಚ್1ರಲ್ಲಿ ನಿಲ್ಲಲಿ. ಕಪ್ಪು ರಾಜನನ್ನು ಒಂದು ಸಲ ಎಚ್7, ಒಂದು ಸಲ ಜಿ7, ಒಂದು ಸಲ ಎಫ್7ರಲ್ಲಿ ಇಟ್ಟು, ‘ಈಗ ಬಿ6 ಆಡಬಹುದಾ?’ ಎಂದು ಕೇಳಿ. ಉತ್ತರ ಆಡಬಹುದು, ಆಡಬಹುದು, ಆಡಬಾರದು. ಕಾಯಿ ಮುಟ್ಟದೆ ಹೇಳಬೇಕು, ಆಮೇಲೆ ಆಡಿ ತೋರಿಸಬೇಕು. ಒಂದು ವಾರದ ನಂತರ ಬಣ್ಣ ಬದಲಿಸಿ, ಕಪ್ಪು ಹಿಡಿದು ಮೊದಲ ನಡೆ ಹುಡುಕಲಿ.

ಪ್ರಶ್ನೆ: ಬಿಳಿ ರಾಜ ಎಫ್5, ಪ್ಯಾದೆ ಇ4, ಎಚ್2. ಕಪ್ಪು ರಾಜ ಡಿ4, ಪ್ಯಾದೆ ಇ5, ಎಚ್6. ಬಿಳಿ ನನ್ನದು, ಎಚ್4 ಆಡಿ ಸೋತೆ. – ಓದುಗರು, ಮುಧೋಳ

ಉತ್ತರ: ಎರಡೂ ರಾಜರು ತಮ್ಮ ಪ್ಯಾದೆ ಕಾಯುತ್ತ ಎದುರಿನ ಪ್ಯಾದೆಗೆ ಬಾಯಿ ಹಾಕಿ ನಿಂತಿದ್ದಾರೆ. ಯಾವ ರಾಜ ಮೊದಲು ಕದಲಿದನೋ ಅವನ ಪ್ಯಾದೆ ಹೋಯಿತು, ಆಟವೂ ಹೋಯಿತು. ಹಾಗಾಗಿ ಪೂರಾ ಆಟ ಎಚ್ ಸಾಲಿನ ಉಳಿಕೆ ನಡೆಗಳ ಮೇಲೆ ನಿಂತಿದೆ. 1.ಎಚ್4 ಎಚ್5, ನಡೆ ನಿಮ್ಮದು, ಮುಗಿಯಿತು. 1.ಎಚ್3! ಎಚ್5 2.ಎಚ್4 ಆಡಿದ್ದರೆ ಕದಲಬೇಕಾದವನು ಕಪ್ಪು ರಾಜ. ನಡೆ ಕಪ್ಪಿನದಾಗಿದ್ದರೂ ನೀವೇ ಗೆಲ್ಲುತ್ತಿದ್ದಿರಿ: 1…ಎಚ್5 2.ಎಚ್4. ಎಚ್2ರ ಪ್ಯಾದೆಗೆ ಒಂದು ಮನೆಯೋ ಎರಡು ಮನೆಯೋ ಎಂಬ ಆಯ್ಕೆ ಇರುತ್ತದೆ, ಎಚ್6ಕ್ಕೆ ಇಲ್ಲ. ಆಟದ ನಡುವೆ ಸುಮ್ಮನೆ ಎಚ್3 ಆಡಿ ಇಡುವ ಚಾಳಿ ಇದ್ದರೆ ಬಿಡಿ. ಎಚ್3-ಎಚ್6 ಇದ್ದು ನಡೆ ನಿಮ್ಮದಾಗಿದ್ದರೆ ಇದೇ ಸ್ಥಿತಿಯಲ್ಲಿ ಸೋಲುತ್ತೀರಿ.

ಪ್ರಶ್ನೆ: ಸೋಲುವ ಭಯದಲ್ಲಿ ಆನೆ, ಒಂಟೆ ಬದಲಾಯಿಸಿಕೊಂಡು ಡ್ರಾ ಹುಡುಕುತ್ತೇನೆ. ಇದು ಸರಿಯೇ? – ಕಾಲೇಜು ವಿದ್ಯಾರ್ಥಿ, ವಿಜಯಪುರ

ಉತ್ತರ: ಒಂದು ಪ್ಯಾದೆ ಕಡಿಮೆ ಇರುವವರು ಕೊನೆಯ ಕಾಯಿ ಬದಲಾಯಿಸುವಷ್ಟು ಅಪಾಯದ ನಿರ್ಧಾರ ಇನ್ನೊಂದಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದದ್ದು ಹೀಗೆಯೇ. 14ನೇ ಆಟದಲ್ಲಿ ಡಿಂಗ್ ಲಿರೆನ್ 55ನೇ ನಡೆಗೆ ಆನೆಯನ್ನು ಎಫ್2ಕ್ಕೆ ತಂದರು. ಆನೆಗಳು ಹೋದವು, 56…ಡಿ5ಕ್ಕೆ ಗುಕೇಶರ ಒಂಟೆ ಬಂತು. ಮೂಲೆಯ ಎ8ರಲ್ಲಿದ್ದ ಬಿಳಿ ಒಂಟೆಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ, ಅದೂ ಬದಲಾಯಿತು. ಉಳಿದದ್ದು ರಾಜರು, ಕಪ್ಪಿಗೆ ಎರಡು ಪ್ಯಾದೆ, ಬಿಳಿಗೆ ಒಂದು. 58…ರಾ ಇ5 ನೋಡಿ ಡಿಂಗ್ ಸೋಲೊಪ್ಪಿದರು. ಆನೆಗಳಿದ್ದಾಗ ಒಂದು ಪ್ಯಾದೆಯ ಕೊರತೆ ಹೇಗೋ ತಡೆದುಕೊಳ್ಳಬಹುದು. ರಾಜ-ಪ್ಯಾದೆ ಆಟದಲ್ಲಿ ಅಂಥ ರಿಯಾಯಿತಿ ಕಡಿಮೆ. ಬದಲಾವಣೆಗೆ ಮೊದಲು ಎಲ್ಲ ಕಾಯಿ ಹೋದ ಬೋರ್ಡನ್ನು ಮನಸ್ಸಿನಲ್ಲಿ ಕಂಡು, ಯಾರ ರಾಜ ಹತ್ತಿರ, ಯಾರಿಗೆ ಒಡ್ಡು ಒಡೆಯುವ ನಡೆ ಇದೆ, ಯಾರ ಬಳಿ ಉಳಿಕೆ ನಡೆ ಇವೆ, ಇಷ್ಟು ಎಣಿಸಿ.

ಪ್ರಶ್ನೆ: ಪ್ಯಾದೆ ಎಂಟನೇ ಸಾಲು ಮುಟ್ಟಿತು, ಹೆಚ್ಚುವರಿ ಮಂತ್ರಿ ಮೇಜಿನ ಮೇಲಿರಲಿಲ್ಲ. ಆನೆಯನ್ನು ತಲೆಕೆಳಗಾಗಿ ಇಟ್ಟು ಗಡಿಯಾರ ಒತ್ತಿದೆ. ಅದು ಆನೆಯೇ ಎಂದರು. – ಓದುಗರು, ಮುದ್ದೇಬಿಹಾಳ

ಉತ್ತರ: ಅವರು ಹೇಳಿದ್ದು ಸರಿ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಯ ನಿಯಮದ ಪಂದ್ಯದಲ್ಲಿ ತಲೆಕೆಳಗಾದ ಆನೆಯೂ ಆನೆಯೇ. ಇಂಥ ಹೊತ್ತಿನಲ್ಲಿ ಗಡಿಯಾರ ನಿಲ್ಲಿಸಿ ಆರ್ಬಿಟರನ್ನು (ಪಂದ್ಯದ ತೀರ್ಪುಗಾರರನ್ನು) ಕರೆದು ಮಂತ್ರಿ ಕೇಳುವ ಹಕ್ಕು ನಿಮಗಿದೆ. ಬರೀ ಪ್ಯಾದೆಯನ್ನು ಎಂಟನೇ ಸಾಲಿನಲ್ಲಿ ಬಿಟ್ಟು ಗಡಿಯಾರ ಒತ್ತಿದರೆ ಅದು ನಿಯಮಬಾಹಿರ ನಡೆ: ಪ್ಯಾದೆಯ ಜಾಗಕ್ಕೆ ಮಂತ್ರಿಯನ್ನೇ ಇಡುತ್ತಾರೆ, ಎದುರಾಳಿಗೆ ಎರಡು ನಿಮಿಷ, ಅತಿವೇಗದ ಆಟವಾದ ಬ್ಲಿಟ್ಜ್‌ನಲ್ಲಾದರೆ ಒಂದು ನಿಮಿಷ, ಹೆಚ್ಚು ಕೊಡುತ್ತಾರೆ. ಅದೇ ಆಟದಲ್ಲಿ ಎರಡನೇ ಸಲ ನಿಯಮಬಾಹಿರ ನಡೆ ಆದರೆ ಸಾಮಾನ್ಯವಾಗಿ ಆಟವೇ ಹೋಗುತ್ತದೆ. ಪ್ಯಾದೆ ಆರನೇ ಸಾಲಿಗೆ ಬಂದಾಗಲೇ ಹೊಡೆದಿಟ್ಟ ಕಾಯಿಗಳ ಕಡೆ ನೋಡಿ ನಿಮ್ಮ ಬಣ್ಣದ ಮಂತ್ರಿ ಎಲ್ಲಿದೆ ಎಂದು ಗುರುತಿಟ್ಟುಕೊಳ್ಳಿ.